ಏಳೆಸಳಿನ ಹೂವು

ಎಂಟನೆಯ ಎಸಳಿನ ಜರಿಯೆಳೆಗಳನ್ನು ರೊಹಾನಾ ಬೇಕೆಂದೇ ಬಿಟ್ಟಳು. ಮಗ್ಗದ ಹಲಗೆಯಿಂದ ಎರಡು ಸಲ ಬಡಿದು ಗಟ್ಟಿ ಮಾಡಿದಳು. ಮದುವೆ ವಸ್ತ್ರದ ಅಂಚಿನಲ್ಲಿ ಈಗ ಒಂದು ಹೂವಿಗೆ ಏಳೇ ಎಸಳು. ತಂಗಿಯ ಮಗಳು ಇದನ್ನೇ ಉಟ್ಟು ಮೆರೆಯಲಿ ಎಂದುಕೊಂಡಾಗ ಹೊಟ್ಟೆಯ ಉರಿ ಕೊಂಚ ತಣಿಯಿತು.

ಸುಮಾತ್ರಾದ ಪಲೆಂಬಾಂಗಿನ ಸುಲ್ತಾನರು ಹೋಗಿ ಇನ್ನೂರು ವರ್ಷವಾಗಿದೆ. ಅರಮನೆಯೆದುರಿನ ನದಿಮೆಟ್ಟಿಲಿಗೆ ಈಗ ಮೀನಿನ ದೋಣಿ ಕಟ್ಟುತ್ತಾರೆ. ಹೆಸರಿನ ಮುಂದಿನ ಬಿರುದನ್ನು ಮಾತ್ರ ಆ ಮನೆತನದವರು ಯಾರೂ ಬಿಟ್ಟುಕೊಟ್ಟಿಲ್ಲ. ಅದು ಬರುವುದು ಅಪ್ಪನಿಂದ. ಅಕ್ಕತಂಗಿಯರಿಬ್ಬರೂ ‘ಮಸಾಯು’ಗಳೇ. ತಂಗಿ ಜುಲೈಹಾ ಬಿರುದಿನವನನ್ನೇ ಕಟ್ಟಿಕೊಂಡಳು, ಅವಳ ಮಗಳೂ ಮಸಾಯು ಆದಳು. ರೊಹಾನಾ ಮೂಸಿ ನದಿಯ ಆಚೆ ದಡದ ದೋಣಿಯವನನ್ನು ಮೆಚ್ಚಿದಳು, ಅವಳ ಮಗಳು ಬರೀ ಯುಲಿ. ಹೋದ ವರ್ಷ ಯುಲಿಯನ್ನು ನೋಡಲು ಬಂದ ವರನ ತಾಯಿ ಬಿರುದು ಕೇಳಿ, ಇಲ್ಲವೆಂದು ತಿಳಿದದ್ದೇ ಚಹಾ ಕುಡಿಯದೆ ಎದ್ದುಹೋಗಿದ್ದಳು. ಅದೇ ವರ ಈಗ ಜುಲೈಹಾಳ ಅಳಿಯನಾಗುತ್ತಿದ್ದಾನೆ. “ನಿನ್ನಂಥ ಕೈ ಊರಲ್ಲೇ ಇಲ್ಲ” ಎಂದು ಜರಿ ತಂದಿಟ್ಟು ಹೋದವಳೂ ಜುಲೈಹಾಳೇ!

ವಾರದ ನಂತರ ಜುಲೈಹಾ ಬಂದಳು. ವಸ್ತ್ರದ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಂತಳು.

“ಅಕ್ಕಾ, ಇಲ್ಲೊಂದು ಎಸಳು ಇಲ್ಲ.”

“ವಯಸ್ಸಾಯ್ತಲ್ಲ, ಕಣ್ಣು ಮಂಜು.”

“ನಿನ್ನ ಕಣ್ಣಾ? ಆಚೆ ದಡದಲ್ಲಿ ಭಾವ ಬೀಡಿ ಹಚ್ಚಿದ್ರೆ ಇಲ್ಲಿಂದಲೇ ಬೈತೀಯ.” ಜುಲೈಹಾ ಚಾಪೆಯ ಮೇಲೆ ಕೂತಳು. “ಬೇಕೂಂತ ಬಿಟ್ಟಿದ್ದೀಯ. ಹೊಟ್ಟೆಕಿಚ್ಚು ನಂಗೂ ಗೊತ್ತಕ್ಕ. ಅಮ್ಮ ಮಗ್ಗ ನಿಂಗೆ ಕೊಟ್ಳು. ‘ದೊಡ್ಡ ಮನೆಗೆ ಹೋಗೋಳು, ಕೈ ಒರಟಾಗಬಾರ್ದು’ ಅಂತ ನನ್ನನ್ನ ಹತ್ರಾನೂ ಬಿಡಲಿಲ್ಲ. ಮೂರು ದಿನ ಊಟ ಬಿಟ್ಟಿದ್ದೆ.”

ರೊಹಾನಾಳಿಗೆ ಮುಖ ಎತ್ತಲಾಗಲಿಲ್ಲ. ಮದುವೆಗೆ ಉಳಿದಿದ್ದು ಒಂಬತ್ತು ದಿನ. ಆ ಹೂವಿನಿಂದೀಚೆಗೆ ನೇಯ್ದಷ್ಟನ್ನೂ ಬಿಚ್ಚಿ ಮತ್ತೆ ನೇಯಲು ಎಂಟು ದಿನವಾದರೂ ಬೇಕು. ರೊಹಾನಾ ಬಿಚ್ಚತೊಡಗಿದಳು.

“ಈ ಎಳೆ ಸುತ್ತು. ಎಳೀಬೇಡ, ಹರಿಯುತ್ತೆ.”

ಜುಲೈಹಾ ಬಳೆಗಳನ್ನು ಮೇಲಕ್ಕೆ ಸರಿಸಿ ಎಳೆ ಹಿಡಿದಳು. ಜನ್ಮದಲ್ಲಿ ಮಗ್ಗ ಮುಟ್ಟದವಳು, ಬಿಚ್ಚಿದ ಜರಿಯನ್ನು ಒಂದು ಗಂಟೂ ಬೀಳದಂತೆ ಬೊಂಬಿಯ ಕೊಳವೆಗೆ ಸುತ್ತುತ್ತ ಹೋದಳು. ಅಷ್ಟು ಹದ ರೊಹಾನಾಳ ಕೈಗೆ ಬರಲು ಹತ್ತು ವರ್ಷ ಹಿಡಿದಿತ್ತು. ಅವಳು ಬಿಚ್ಚುವುದನ್ನು ನಿಲ್ಲಿಸಿ ತಂಗಿಯ ಬೆರಳುಗಳನ್ನೇ ನೋಡಿದಳು.

“ಸರಿಯಿದೆಯಾ ಅಕ್ಕ?”

“ಪರವಾಗಿಲ್ಲ. ಸಾಕು, ಉಳಿದದ್ದು ನಾನೇ ಸುತ್ಕೋತೀನಿ” ಎಂದಳು ರೊಹಾನಾ. ಬೊಂಬಿಯನ್ನು ತಂಗಿಯ ಕೈಯಿಂದ ತೆಗೆದುಕೊಂಡು ತನ್ನ ಪಕ್ಕಕ್ಕೆ ಇಟ್ಟುಕೊಂಡಳು.