ಹುಣಸೆಹಣ್ಣಿನಲ್ಲಿ ಉಜ್ಜಿದ ಕಾರ್ಡು

ವಿಜಯದಶಮಿ ಕಳೆದ ಮಾರನೆಯ ಬೆಳಗ್ಗೆ ಬಿಂದುಶ್ರೀ ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ತಿರುಗಿತು. ಡಬ್ಬಾ ಮೂರು ಸಲ ಕೀ ಕೀ ಕೀ ಎಂದಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿದು, ಅದರ ಮೇಲೆ ‘ನೋ ಸಿಗ್ನಲ್’ ಎಂಬ ಸಣ್ಣ ಚೌಕವೊಂದು ಆ ಮೂಲೆಯಿಂದ ಈ ಮೂಲೆಗೆ ಅಡ್ಡಾಡತೊಡಗಿತು. ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ ಅವಳ ಮಾವ ಅಪ್ಪಯ್ಯಣ್ಣ ಆ ಮೂರು ಕೀ ಕೇಳಿದವರೇ, ಓದಿದ ಸಾಲನ್ನೇ ಮತ್ತೆ ಓದಲು ಶುರು ಮಾಡಿದರು. ಯಾಕೆಂದರೆ ಆ ಡಬ್ಬಾ ಬಿಚ್ಚಿದ್ದು ಅವರೇ, ಮತ್ತು ಆ ವಿಷಯ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಪ್ಪಯ್ಯಣ್ಣ ಸಾಮಾನ್ಯ ಆಸಾಮಿಯಲ್ಲ. ತೂಬಗೆರೆ ಸುತ್ತಮುತ್ತ ಮೋಟರಿನ ಸ್ಟಾರ್ಟರ್ ಸುಟ್ಟರೆ, ಔಷಧಿ ಹೊಡೆಯುವ ಪಂಪು ಕೈಕೊಟ್ಟರೆ, ಮೊದಲು ಬರುವುದು ಅವರ ಜಗಲಿಗೆ. ಅಪ್ಪಯ್ಯಣ್ಣ ಬಿಚ್ಚಿದ ಮೆಷಿನ್ನು ಮತ್ತೆ ತಿರುಗದೆ ಇದ್ದದ್ದೇ ಇಲ್ಲ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಚಿಕ್ಕವೆಂಕಟಪ್ಪನ ಮಿಕ್ಸಿಯ ಕಥೆ ಬೇರೆ, ಅದನ್ನು ಅವರೆದುರು ಯಾರೂ ಎತ್ತುವುದಿಲ್ಲ. ಈ ಹೆಸರಿನ ಹಿಂದೆ ಅವರದೊಂದು ನೇಮವಿತ್ತು. ಏನನ್ನೇ ಬಿಚ್ಚುವ ಮುಂಚೆ ಯಾವುದು ಎಲ್ಲಿತ್ತು ಎಂದು ಗುರುತು ಹಾಕಬೇಕು. ಟ್ರ್ಯಾಕ್ಟರಿಗೆ ಸೀಮೆಸುಣ್ಣ, ಮೋಟರಿಗೆ ಬಣ್ಣದ ದಾರ, ಕೈಗೆ ಏನು ಸಿಕ್ಕರೆ ಅದು.

ಎರಡು ವರ್ಷದ ಹಿಂದೆ ಸೊಸೆ ಈ ಕಂಪ್ಯೂಟರ್ ತರಿಸಿದಾಗ, ಸೀರೆ ಅಂಚಿಗೆ ಬಳ್ಳಿ ಬರೆಯೋಕೆ ಇಷ್ಟು ದೊಡ್ಡ ಡಬ್ಬಾ ಯಾಕೆ, ಪೆನ್ಸಿಲ್ ಸಾಲಲ್ವಾ ಎಂದು ಅಪ್ಪಯ್ಯಣ್ಣ ಗೊಣಗಿದ್ದುಂಟು. ಆಮೇಲೊಂದು ದಿನ ದೊಡ್ಡಬಳ್ಳಾಪುರಕ್ಕೆ ಹೋದವರು ಭೀಮರಾಜನ ಪವರ್‌ಲೂಮ್ ಶೆಡ್ಡಿನಲ್ಲಿ ಸೊಸೆಯ ಬಳ್ಳಿ ರೇಷ್ಮೆಯ ಮೇಲೆ ಇಂಚಿಂಚಾಗಿ ಇಳಿಯುವುದನ್ನು ನಿಂತು ನೋಡಿದರು. ಅಂದಿನಿಂದ ಆ ಕೋಣೆಗೆ ಹೋಗುವಾಗ, ದೇವರ ಮನೆಗೆ ಹೋಗುವ ಹಾಗೆ, ಚಪ್ಪಲಿ ದೂರ ಬಿಡುತ್ತಿದ್ದರು.

ಹಾಗಾಗಿ ಈ ಸಲದ ಆಯುಧಪೂಜೆಗೆ ಟ್ರ್ಯಾಕ್ಟರು, ಟಿಲ್ಲರು, ಕುಡುಗೋಲು ಎಲ್ಲ ತೊಳೆದಾದ ಮೇಲೆ ಅವರಿಗೆ ಮನಸ್ಸು ಕೇಳಲಿಲ್ಲ. ಮನೆಗೆ ಸಂಪಾದನೆ ತರುವ ಯಂತ್ರವನ್ನು ಬರೀ ಹೂವು ಮುಡಿಸಿ ಬಿಡುವುದು ನ್ಯಾಯವೇ ಎಂದುಕೊಂಡರು. ಹಬ್ಬದ ಹಿಂದಿನ ದಿನ ಸೊಸೆ, ಮೊಮ್ಮಗಳು ಸಿಂಚನಳನ್ನು ಕರೆದುಕೊಂಡು ಸಾಸಲಿನ ತವರಿಗೆ ಹೋಗಿದ್ದಳು. ಹೆಂಡತಿ ಅಕ್ಕಯಮ್ಮ ಹಿತ್ತಿಲಲ್ಲಿದ್ದಳು. ಪೂಜೆಯ ತಟ್ಟೆಯ ಕುಂಕುಮದಿಂದಲೇ ಪ್ರತಿ ವೈರಿನ ತಲೆಗೂ, ಅದು ಕೂರುವ ಕಿಂಡಿಗೂ ಒಂದೊಂದು ಬೊಟ್ಟಿಟ್ಟು ಡಬ್ಬಾ ಬಿಚ್ಚಿದರು. ಒಳಗೆ ಧೂಳೋ ಧೂಳು. ಅದರ ನಡುವೆ, ಫ್ಯಾನು ಹೊತ್ತುಕೊಂಡ ಒಂದು ಹಲಗೆ, ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಹಲ್ಲು ಮಂಕಾಗಿದ್ದವು. ಹಿತ್ತಾಳೆ ದೀಪ ಮಂಕಾದರೆ ಮನೆಯಲ್ಲಿ ಏನು ಮಾಡುತ್ತಾರೋ ಅಪ್ಪಯ್ಯಣ್ಣ ಅದನ್ನೇ ಮಾಡಿದರು. ಹುಣಸೆಹಣ್ಣು ಹಚ್ಚಿ, ಮೇಲೆ ಚಿಟಿಕೆ ವಿಭೂತಿ ಹಾಕಿ ಫಳಫಳ ಎನ್ನುವ ತನಕ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಜಗಲಿಯ ಬಿಸಿಲಿಗೆ ಅರ್ಧ ಗಂಟೆ ಇಟ್ಟು, ಗುರುತು ನೋಡಿಕೊಂಡು ಎಲ್ಲವನ್ನೂ ಎಲ್ಲಿತ್ತೋ ಅಲ್ಲೇ ಕೂರಿಸಿದರು. ಹಬ್ಬದ ದಿನ ತವರಿನಿಂದ ಬಂದ ಸೊಸೆ ಬೊಟ್ಟುಗಳನ್ನು ನೋಡಿ, ಮಾವ ಎಷ್ಟು ಶ್ರದ್ಧೆಯಿಂದ ಪೂಜೆ ಮಾಡಿದಾರೆ ಎಂದಿದ್ದಳು. ಆ ಮಾತಿಗೆ ಅವರು ಎರಡು ದಿನ ಒಳಗೊಳಗೇ ಬೀಗಿದ್ದರು. ಎರಡು ದಿನವೂ ಯಾರೂ ಯಂತ್ರ ಮುಟ್ಟುವ ಹಾಗಿರಲಿಲ್ಲವಾದ್ದರಿಂದ ಬೀಗಲಿಕ್ಕೆ ಅಡ್ಡಿಯೂ ಇರಲಿಲ್ಲ.

ಈಗ ಗತಿ ಹೀಗಾಗಿತ್ತು. ಇದುವರೆಗೆ ಬರೀ ಅಂಚು ಬರೆಸುತ್ತಿದ್ದ ಭೀಮರಾಜ್ ಮೊದಲ ಸಲ ಬಿಂದುಶ್ರೀಗೆ ಇಡೀ ಸೀರೆ ಒಪ್ಪಿಸಿದ್ದ, ಒಡಲು, ಅಂಚು, ಸೆರಗು ಎಲ್ಲ. ಹಬ್ಬಕ್ಕೆ ನಿಂತ ಮಗ್ಗಗಳು ಇವತ್ತು ಸಂಜೆ ಅದೇ ಡಿಸೈನಿನೊಂದಿಗೆ ಶುರುವಾಗಬೇಕಿತ್ತು. ಕೆಲಸ ಮುಗಿದಿತ್ತು, ಫೈಲು ಡಬ್ಬಾದೊಳಗಿತ್ತು, ಕಳಿಸುವುದೊಂದೇ ಬಾಕಿ. ಯಾವಾಗಲೂ ರಿಪೇರಿಗೆ ಬರುವ ದೊಡ್ಡಬಳ್ಳಾಪುರದ ಸಿದ್ದರಾಜು ಅಂಗಡಿಗೆ ಬೀಗ ಹಾಕಿ ಟೂರ್ ಹೋಗಿದ್ದ. ಗಂಡ ಬೈರೇಶ್ ದೇವನಹಳ್ಳಿಯ ಗೋಡೌನಿನಲ್ಲಿ ಹಗಲು ಶಿಫ್ಟಿನಲ್ಲಿದ್ದ. ಕೊನೆಗೆ ಅವಳು ತೂಬಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ನರೇಶನನ್ನು ಕರೆಸಿದಳು. ನರೇಶನಿಗೆ ಮೊಬೈಲ್ ಗಾಜು ಬದಲಾಯಿಸುವುದು ಚೆನ್ನಾಗಿ ಬರುತ್ತದೆ, ಮಿಕ್ಕಿದ್ದನ್ನು ಧೈರ್ಯದಿಂದ ಮಾಡುತ್ತಾನೆ.

ನರೇಶ ಮಧ್ಯಾಹ್ನ ಬಂದವನೇ ಇದನ್ನು ಯಾರಾದರೂ ಬಿಚ್ಚಿದ್ದರಾ ಎಂದು ವಿಚಾರಣೆ ಶುರು ಮಾಡಿದ. ಇಲ್ಲ ಎಂದಳು ಬಿಂದುಶ್ರೀ. ಅಕ್ಕಯಮ್ಮನೂ ಇಲ್ಲವೆಂದಳು. ಅಪ್ಪಯ್ಯಣ್ಣ ಪೇಪರಿನ ಹಿಂದಿನಿಂದಲೇ, ಅದೆಲ್ಲ ನಮಗೇನು ಗೊತ್ತಪ್ಪ ಎಂದರು. ಕಂಪ್ಯೂಟರಿಗೆಲ್ಲ ಇಷ್ಟು ಕುಂಕುಮ ಬಳಿದರೆ ಅದು ಹೇಗೆ ಉಸಿರಾಡಬೇಕು ಎಂದು ಬೈದುಕೊಂಡು ನರೇಶ ವೈರುಗಳನ್ನು ಕಿತ್ತು, ಬಟ್ಟೆ ತಗೊಂಡು ಬೊಟ್ಟುಗಳನ್ನೆಲ್ಲ ಒರೆಸಿ ಹಾಕಿದ. ಜಗಲಿಯಿಂದ ಅದನ್ನು ನೋಡುತ್ತಿದ್ದ ಅಪ್ಪಯ್ಯಣ್ಣನವರಿಗೆ ತಮ್ಮ ಗುರುತೆಲ್ಲ ಹೋಯಿತಲ್ಲ ಎನಿಸಿತು. ಆದರೂ ಎದ್ದು ಹೋಗುವಂತಿರಲಿಲ್ಲ.

ನರೇಶ ಡಬ್ಬಾ ಬಿಚ್ಚಿ ಆ ಫ್ಯಾನು ಹೊತ್ತ ಹಲಗೆಯನ್ನು ಹೊರಗೆಳೆದು, ಇದೇ ಗ್ರಾಫಿಕ್ಸ್ ಕಾರ್ಡು, ಪರದೆಗೆ ಚಿತ್ರ ಕಳಿಸೋದು ಇದೇ ಎಂದು ವಿವರಿಸಿದ. ಆಮೇಲೆ ಮೂಗಿನ ಹತ್ತಿರ ಹಿಡಿದು, ಇದೇನು ಹುಳಿ ವಾಸನೆ ಎಂದ. ಅಕ್ಕಯಮ್ಮ ಈಸಿಕೊಂಡು ನೋಡಿದಳು. ಚಿನ್ನದ ಹಲ್ಲುಗಳ ನಡುವೆ ಸಣ್ಣ ನಾರೊಂದು ಅಂಟಿತ್ತು. ತನ್ನ ಕೈಯಾರೆ ಬೀಜ ತೆಗೆದು, ಉಪ್ಪು ಹಾಕಿ ಜಾಡಿಯಲ್ಲಿಟ್ಟ ಹುಣಸೆಹಣ್ಣನ್ನು ಅವಳು ಗುರುತಿಸದೆ ಇರುತ್ತಾಳೆಯೇ? ಜಗಲಿಯತ್ತ ಒಮ್ಮೆ ನೋಡಿದಳು. ಪೇಪರು ಇನ್ನೂ ಎರಡು ಇಂಚು ಮೇಲೇರಿತ್ತು. ನಲವತ್ತು ವರ್ಷ ಒಟ್ಟಿಗೆ ಬಾಳಿದವಳಿಗೆ ಅಷ್ಟೇ ಸಾಕಾಯಿತು.

“ಇಲಿ ಇರ್ಬೇಕು ಕಣಪ್ಪ,” ಎಂದಳು ಅಕ್ಕಯಮ್ಮ. “ಹುಣಸೆಹಣ್ಣು ಕಚ್ಕೊಂಡ್ ಒಳಗೆ ಹೋಗಿರುತ್ತೆ.”

ಇಲಿ ನಾಲ್ಕು ಸ್ಕ್ರೂ ಬಿಚ್ಚಿ, ಕಾರ್ಡು ಉಜ್ಜಿ, ಮತ್ತೆ ಸ್ಕ್ರೂ ಬಿಗಿ ಮಾಡಿ ಹೋಯಿತಾ ದೊಡ್ಡಮ್ಮ ಎಂದು ನರೇಶ ಕೇಳಿದ. ಅಕ್ಕಯಮ್ಮ ಸ್ವಲ್ಪ ಯೋಚಿಸಿ, ಹಾಗಾದರೆ ನಾನೇ ತೊಳೆದೆ ಎಂದುಬಿಟ್ಟಳು. ಎರಡು ವರ್ಷದಲ್ಲಿ ಆ ಕಂಪ್ಯೂಟರಿನ ಮೌಸನ್ನೂ ಮುಟ್ಟದವಳು ಅವಳು. ಬಿಂದುಶ್ರೀ ಅತ್ತೆಯ ಮುಖ ನೋಡಿ ಮೆಲ್ಲಗೆ, “ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ಅತ್ತೆ,” ಎಂದಳು. ಅಕ್ಕಯಮ್ಮ ತಲೆ ತಗ್ಗಿಸಿ ಸೆರಗಿನಿಂದ ಮೇಜು ಒರೆಸಿದಳು.

ಅಪ್ಪಯ್ಯಣ್ಣನವರಿಗೆ ನಾಚಿಕೆಯಾಯಿತು. ತಪ್ಪು ತನ್ನದು, ಮಾತು ಕೇಳುವವಳು ಹೆಂಡತಿ. ಎದ್ದು ಹೇಳಿಬಿಡಬೇಕೆಂದು ಕಾಲು ಕೆಳಗಿಟ್ಟರು ಕೂಡ. ಆದರೆ ಸೊಸೆಯ ಎದುರು, ಅದೂ ಈ ನರೇಶನ ಎದುರು, ಕೆಡಿಸಿದವನು ನಾನು ಎಂದು ಹೇಗೆ ಹೇಳುವುದು? ನಾಳೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕವೆಂಕಟಪ್ಪನ ಮಿಕ್ಸಿಗೆ ಹೊಸ ಜೀವ ಬರುತ್ತಿತ್ತು. ಹೇಗೂ ಈಗ ಸರಿಹೋಗುತ್ತದೆ, ಆಮೇಲೆ ಅಕ್ಕಯಮ್ಮನ ಹತ್ತಿರ ತಪ್ಪಾಯಿತು ಅಂದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಕಾಲು ಮೇಲೆಳೆದುಕೊಂಡರು.

ನರೇಶ ಸಿಂಚನಳ ಜಾಮಿಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದು ಚಿನ್ನದ ಹಲ್ಲುಗಳನ್ನು ಉಜ್ಜಿದ. ಅವನು ಉಜ್ಜಿದರೆ ರಿಪೇರಿ, ನಾನು ಉಜ್ಜಿದರೆ ಅಪರಾಧ ಎಂದು ಅಪ್ಪಯ್ಯಣ್ಣನವರಿಗೆ ಒಳಗೇ ಉರಿಯಿತು. ಕಾರ್ಡು ಕೂರಿಸಿ, ವೈರು ಸಿಕ್ಕಿಸಿ, ಗುಂಡಿ ಒತ್ತಿದ. ಫ್ಯಾನು ತಿರುಗಿತು. ಎಲ್ಲರೂ ಪರದೆ ನೋಡಿದರು. ‘ನೋ ಸಿಗ್ನಲ್’ ಆ ಮೂಲೆಯಿಂದ ಈ ಮೂಲೆಗೆ ಮತ್ತೆ ವಾಕಿಂಗ್ ಹೊರಟಿತು. ಇನ್ನೂ ಎರಡು ಸಲ ಆರಿಸಿ ಹಾಕಿದ, ಅದೇ ಕಥೆ. ಕಾರ್ಡು ಸತ್ತಿದೆ ಅಕ್ಕ, ಹುಳಿ ತಿಂದುಬಿಟ್ಟಿದೆ, ಹೊಸದು ಬೆಂಗಳೂರಿಂದ ಬರಬೇಕು, ನಾಲ್ಕು ದಿನವಾದರೂ ಬೇಕು ಎಂದು ನರೇಶ ಕೈ ಒರೆಸಿಕೊಂಡ.

ಅಷ್ಟರಲ್ಲಿ ಭೀಮರಾಜನ ಫೋನು ಬಂತು. ಅವನು ಜೋರು ಮಾಡಲಿಲ್ಲ. ನಾಲ್ಕು ಗಂಟೆವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರ ಡಿಸೈನ್ ಹಾಕಿಬಿಡುತ್ತೇನೆ, ಮಗ್ಗ ಸುಮ್ಮನೆ ನಿಲ್ಲಿಸೋಕಾಗಲ್ಲ ಎಂದು ಹೇಳಿದ. ಗಡಿಯಾರದಲ್ಲಿ ಮೂರೂಕಾಲು. ಬಿಂದುಶ್ರೀ ಹಿತ್ತಿಲ ಹೊಸಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಆಗುವುದಿಲ್ಲ ಎಂದು ಈಗಲೇ ಹೇಳುವುದು ಮರ್ಯಾದೆ ಎಂದು ಫೋನು ಕೈಗೆತ್ತಿಕೊಂಡಳು. ಅವಳ ಬೆನ್ನು ಕಾಣುತ್ತಿತ್ತು. ಅಪ್ಪಯ್ಯಣ್ಣನವರಿಗೆ ಅದನ್ನು ನೋಡಲಾಗಲಿಲ್ಲ. ಪೇಪರು ಮಡಚಿಟ್ಟರು.

ಅಷ್ಟು ಹೊತ್ತಿನಿಂದ ಕಿವಿಯಲ್ಲಿ ಏನೋ ಕೊರೆಯುತ್ತಿತ್ತು, ಅದು ಏನೆಂದು ಆಗ ಹೊಳೆಯಿತು. ಬೆಳಗ್ಗೆ ಕೂಗಿದ ಡಬ್ಬಾ ಈಗ ಕೂಗುತ್ತಿಲ್ಲ. ಸುಟ್ಟ ಮೋಟರಿನ ದನಿಯೇ ಬೇರೆ, ಸರಿಯಿದ್ದು ನೀರು ಎತ್ತದ ಮೋಟರಿನ ದನಿಯೇ ಬೇರೆ. ಕೂಗು ನಿಂತಿದೆ ಎಂದರೆ ಕಾರ್ಡು ಬದುಕಿದೆ. ಕೋಣೆಗೆ ಹೋಗಿ ಡಬ್ಬಾದ ಹಿಂದೆ ಬಗ್ಗಿ ನೋಡಿದರು. ಪರದೆಯ ವೈರು ಮೇಲಿನ ಕಿಂಡಿಯಲ್ಲಿ ಕೂತಿತ್ತು. ಅವರು ಬೊಟ್ಟಿಟ್ಟಿದ್ದು ಕೆಳಗಿನದಕ್ಕೆ.

ಹೇಳಿದರೆ ಎಲ್ಲ ಬಯಲಾಗುತ್ತದೆ. ಹೇಳದಿದ್ದರೆ ಸೊಸೆಯ ಸೀರೆ ಹೋಗುತ್ತದೆ. ಅಪ್ಪಯ್ಯಣ್ಣ ಹಿತ್ತಿಲ ಬಾಗಿಲ ಕಡೆ ತಿರುಗಿ ಕೂಗಿದರು.

“ಬಿಂದು, ಫೋನ್ ಮಾಡ್ಬೇಡ ತಾಳಮ್ಮ. ನಿಮ್ಮತ್ತೆ ಅಲ್ಲ ಕಣಮ್ಮ, ಬಿಚ್ಚಿದ್ದು ನಾನು. ಉಜ್ಜಿದ್ದೂ ನಾನೇ. ಆ ವೈರು ಕೆಳಗಡೆ ಇತ್ತು. ನಾನೇ ಕುಂಕುಮ ಇಟ್ಟಿದ್ದೆ ಅದಕ್ಕೆ, ಗುರುತಿಗೆ.”

ಎರಡು ಕಿಂಡಿಯೂ ಒಂದೇ ಅಳತೆ ದೊಡ್ಡಪ್ಪ, ಎಲ್ಲಿ ಹಾಕಿದರೇನು ಎಂದು ನರೇಶ ಶುರು ಮಾಡಿದ. ಬಿಂದುಶ್ರೀ ಅವನ ಮಾತು ಮುಗಿಯಲು ಬಿಡದೆ ಎದ್ದು ಬಂದು, ಮೇಲಿನದರಿಂದ ವೈರು ಕಿತ್ತು ಕೆಳಗಿನದಕ್ಕೆ, ಕಾರ್ಡಿನ ಕಿಂಡಿಗೆ, ಸಿಕ್ಕಿಸಿದಳು. ಪರದೆ ಮಿಣಕ್ ಎಂದಿತು. ಒಂದು ಗಳಿಗೆ ಕಪ್ಪು, ಆಮೇಲೆ ಬೆಳಕು. ಅವಳು ಫೈಲು ತೆರೆದಳು, ಇಡೀ ಸೀರೆ ಎದುರಿಗೆ ಬಂತು. ಕೆಂಪು ಒಡಲು, ಹಸಿರು ಅಂಚು, ಅಂಚಿನ ತುಂಬ ಸಾಲುಗಿಳಿಗಳು. ಮೂರೂಮುಕ್ಕಾಲಿಗೆ ಫೈಲು ದೊಡ್ಡಬಳ್ಳಾಪುರ ಸೇರಿತು. ಕಾರ್ಡು ಹಾಕಿದ ಮೇಲೆ ಮೇಲಿನ ಕಿಂಡಿಗೆ ಕೆಲಸ ಇರಲ್ಲ, ನನಗೆ ಮೊದಲೇ ಅನುಮಾನ ಇತ್ತು ಎಂದು ಹೇಳಿ ನರೇಶ ಕಾಫಿ ಕುಡಿದು ಹೋದ.

ಸೊಸೆ ಅತ್ತೆಯ ಹತ್ತಿರ ಹೋಗಿ ಕೈ ಹಿಡಿದುಕೊಂಡು ಏನೋ ಹೇಳಿದಳು, ಇಬ್ಬರೂ ನಕ್ಕರು, ಅಷ್ಟೇ. ಅಪ್ಪಯ್ಯಣ್ಣ ಜಗಲಿಯಲ್ಲಿ ಬೈಗುಳಕ್ಕೆ ಕಾದು ಕೂತರು. ಬೈದಿದ್ದರೆ ಹಗುರವಾಗುತ್ತಿತ್ತು. ಅಡುಗೆಮನೆಯಲ್ಲಿ ಅಕ್ಕಯಮ್ಮ ಹುಣಸೆಹಣ್ಣಿನ ಜಾಡಿಯನ್ನು ಅಟ್ಟಕ್ಕೆ ಏರಿಸುವ ಸದ್ದು, ಬೇಕೆಂದೇ, ಜೋರಾಗಿ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಬಿಂದುಶ್ರೀ ಕುಂಕುಮದ ಭರಣಿ ಹಿಡಿದು ಬಂದು ಅವರ ಮುಂದೆ ನಿಂತಳು.

“ಮಾವ, ನರೇಶ ಎಲ್ಲಾ ಒರೆಸ್ಬಿಟ್ಟಿದಾನೆ. ಎಲ್ಲೆಲ್ಲಿ ಇಟ್ಟಿದ್ರೋ ಮತ್ತೆ ಅಲ್ಲಲ್ಲೇ ಇಟ್ಕೊಡಿ. ಮುಂದಿನ ಸಲ ಬಿಚ್ಚೋವಾಗ ನನ್ನೂ ಕರೀರಿ.”

ಅಪ್ಪಯ್ಯಣ್ಣನವರ ಕಣ್ಣು ತುಂಬಿಕೊಂಡಿತು. ಕತ್ತಲಾಗ್ತಾ ಬಂತು, ಕಾಣ್ತಾ ಇಲ್ಲ ಎಂದು ನೆಪ ಹೇಳಿ ಒರೆಸಿಕೊಂಡರು. ಡಬ್ಬಾದ ಹಿಂದೆ ಮಂಡಿಯೂರಿ ಕೂತು ಒಂದೊಂದೇ ವೈರು ಹಿಡಿದು, ನೆನಪು ಮಾಡಿಕೊಂಡು, ಕೆಳಗಿನ ಕಿಂಡಿಯ ಪಕ್ಕ ಒಂದು, ಅದರ ವೈರಿನ ತಲೆಗೆ ಒಂದು ಬೊಟ್ಟಿಟ್ಟರು.

ಮೇಲಿನ ಕಿಂಡಿ ಒಂದು ಉಳಿಯಿತಲ್ಲ ಎಂದು ಬಿಂದುಶ್ರೀ ಟಾರ್ಚು ಬಿಟ್ಟು ತೋರಿಸಿದಳು.

“ಅದಕ್ಕೆ ಬೇಡ ಕಣಮ್ಮ,” ಎಂದರು ಅಪ್ಪಯ್ಯಣ್ಣ. “ಅದು ನರೇಶಂಗೆ ಇರ್ಲಿ.”