ಕೋಟಿನ ಐದನೇ ಗುಂಡಿ

ಮೂವತ್ತೆರಡು ವರ್ಷ ಹವಾಮಾನ ಕಚೇರಿಯಲ್ಲಿ ಕೂತು ಊರಿಗೆಲ್ಲ ಮಳೆ ಬಿಸಿಲು ಹೇಳಿದ ಮಹಾಶಯ, ಈಗ ತನ್ನ ಪ್ರಯಾಣಕ್ಕೇ ದಾರಿ ಕಾಣದೆ ನಾಲ್ಕು ದಿನದಿಂದ ಊಟದ ಮೇಜಿನ ಮೇಲೆ ನಕ್ಷೆ ಹರವಿಕೊಂಡಿದ್ದ. ದೇಶದ ಈ ಅಂಚಿನಿಂದ ಆ ಅಂಚಿಗೆ ಕಾರಿನಲ್ಲಿ ಹೋಗಬೇಕು. ಕಾಲವೋ ಕಡು ಚಳಿಗಾಲ. ಹಿಮ ಬೀಳಬಹುದಾದ ಕಡೆಯೆಲ್ಲ, ಹೆಂಡತಿಯ ಹೊಲಿಗೆ ಡಬ್ಬಿಯಿಂದ ಎತ್ತಿದ ಬಿಳಿ ಗುಂಡಿ ಒಂದೊಂದು ಇಟ್ಟಿದ್ದ. ಒಟ್ಟು ಐದು. ಗಂಡ ಹೆಂಡತಿ ಇಬ್ಬರೂ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಹೆಂಡತಿ ಬಟ್ಟೆ ಹೊಲಿಯುವವಳು. ಆ ಅಂಚಿನ ಊರಲ್ಲಿರುವ ತನ್ನ ಅಕ್ಕನಿಗೆಂದು ಉಣ್ಣೆಯ ಕೋಟು ಹೊಲಿದು, ಈ ಐದು ಗುಂಡಿಗಾಗಿ ಕಾಯುತ್ತಿದ್ದಳು. ಅಕ್ಕನಿಗೆ ಶುಕ್ರವಾರ ಹೃದಯದ ಆಪರೇಷನ್. ಅದಕ್ಕೆ ಮುಂಚೆ ಅಕ್ಕನ ಮುಖ ನೋಡಬೇಕು, ಅಷ್ಟೇ ಅವಳ ಆಸೆ.

"ನಾಳೆ ಸೋಮವಾರ ಹೊರಟ್ರೆ ಘಟ್ಟದ ರಸ್ತೇಲಿ ಎಷ್ಟು ದಿನ?"

"ಮೂರು."

"ನಿಮ್ಮ ಸುತ್ತು ದಾರೀಲಿ?"

"ಆರು. ಆದ್ರೆ ಒಂದು ಚೂರೂ ಹಿಮ ಇಲ್ಲ ನೋಡು!"

"ಶನಿವಾರ ಹೋಗಿ ಯಾರನ್ನ ನೋಡೋದು, ಡಾಕ್ಟರನ್ನಾ?" ಎಂದವಳೇ ನಾಲ್ಕು ಗುಂಡಿ ಬಾಚಿಕೊಂಡು ಸೂಜಿಗೆ ದಾರ ಪೋಣಿಸಿದಳು. ನಕ್ಷೆಯಲ್ಲಿ ಘಟ್ಟದ ಮೇಲಿದ್ದ ಗುಂಡಿಯನ್ನು ಮಾತ್ರ ಅವನು ಬೆರಳಿನಿಂದ ಒತ್ತಿ ಹಿಡಿದಿದ್ದ.

"ನೀವು ಹೆದರೋದು ಹಿಮಕ್ಕಲ್ಲ, ನಮ್ಮಕ್ಕನಿಗೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನು ಕನ್ನಡಕ ಸರಿಮಾಡಿಕೊಂಡ. ಹತ್ತು ವರ್ಷದ ಹಿಂದೆ ಇದೇ ಘಟ್ಟದ ಬಗ್ಗೆ "ಅಪ್ಪಟ ಬಿಸಿಲು, ಧೈರ್ಯವಾಗಿ ಬನ್ನಿ" ಎಂದು ಅಕ್ಕನಿಗೆ ಹೇಳಿದ್ದ. ಅಕ್ಕ ಭಾವ ಒಂದು ರಾತ್ರಿಯಿಡೀ ಹಿಮದಲ್ಲಿ ಸಿಕ್ಕಿಬಿದ್ದಿದ್ದರು. ಅಂದಿನಿಂದ ಅವನ ಹೆಸರು ಬಿಸಿಲುರಾಯ. ಅವಮಾನ ಇನ್ನೂ ಆರಿರಲಿಲ್ಲ.

ಫೋನ್ ಬಡಿದುಕೊಂಡಿತು. ಅಕ್ಕನೇ.

"ಏನು ಬಿಸಿಲುರಾಯರೇ, ಘಟ್ಟ ಹೇಗಿದೆ?"

ಅವನು ಘಟ್ಟದ ಮೇಲಿನ ಗುಂಡಿಯ ಕಡೆ ನೋಡಿದ. "ಗೊತ್ತಿಲ್ಲ ಅತ್ತಿಗೆ. ಹಿಮ ಬಿದ್ರೂ ಬೀಳಬಹುದು."

ಆ ಕಡೆ ನಗು ಕೇಳಿಸಿತು. "ಅಬ್ಬಾ, ಹತ್ತು ವರ್ಷಕ್ಕೆ ಒಂದು ನಿಜ ಬಂತು! ಅವತ್ತು ಹಿಮ ಬಿದ್ದಿದ್ದಕ್ಕೆ ನಾನು ಬೈದಿಲ್ಲ ರಾಯರೇ. ನೀವು ಬಿಸಿಲು ಅಂದ್ರಿ, ಅದನ್ನ ನಂಬಿ ಕಂಬಳಿ ಮನೇಲೇ ಬಿಟ್ಟು ಬಂದೆ. ಬೀಳಬಹುದು ಅಂತ ಗೊತ್ತಿದ್ರೆ ಸಾಕು. ಕಂಬಳಿ, ಸಲಿಕೆ, ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಸುತ್ತೋ ಸರಪಳಿ ಇಟ್ಕೊಂಡು ಬನ್ನಿ." ಆಮೇಲೆ ದನಿ ಸಣ್ಣದಾಯಿತು. "ನಂಗೆ ಭಯ ಆಗ್ತಿದೆ. ಗುರುವಾರದೊಳಗೆ ಬಂದುಬಿಡಿ."

ಫೋನ್ ಇಟ್ಟವನಿಗೆ ಕಣ್ಣು ತುಂಬಿತು. ಇಷ್ಟು ವರ್ಷ ತನ್ನ ಮರ್ಯಾದೆ ಕಾಯುವುದರಲ್ಲೇ ಇದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಹೆಂಡತಿ ನಾಲ್ಕನೇ ಗುಂಡಿಯ ದಾರವನ್ನು ಹಲ್ಲಿನಿಂದ ಕತ್ತರಿಸುತ್ತಿದ್ದಳು. ಅವನು ಘಟ್ಟದ ಮೇಲಿನ ಗುಂಡಿ ಎತ್ತಿ ಅವಳ ಅಂಗೈಯಲ್ಲಿಟ್ಟ.

"ಅಂದ್ರೆ ಹಿಮ ಇಲ್ವಾ?"

"ಇರಬಹುದು," ಎಂದ ಅವನು. "ಬೇಗ ಹೊಲಿ. ಕಂಬಳಿ ಎಲ್ಲಿಟ್ಟಿದ್ದೀಯ?"