ತಿಪ್ಪೆಗೆ ಬಿದ್ದ ಗುಳಿಗೆ

ಕಾಗವಾಡದ ದ್ರಾಕ್ಷಿ ಬೆಳೆಗಾರ ವಿರುಪಾಕ್ಷಪ್ಪನ ಮನೆಯಲ್ಲಿ ಬೆಳಗಾಯಿತೆಂದರೆ ಸೊಸೆ ಪ್ರಾಜಕ್ತಾ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಹೆರಿಗೆಯಾದ ಮೇಲೆ ಆ ಸದ್ದು ನಿಂತಿತು. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಕೂಸು ಅತ್ತರೆ ಎದೆ ಡವಗುಟ್ಟುತ್ತಿತ್ತು, ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ಹೆತ್ತವಳಿಗೆ ಇದಕ್ಕಿಂತ ಸಂಕಟ ಇನ್ನೇನಿದೆ!

ಗಂಡ ಭರತ ಅವಳನ್ನು ಮಿರಜಿನ ಡಾಕ್ಟರಮ್ಮನಲ್ಲಿಗೆ ಕರೆದೊಯ್ದ. ಇದು ಬಾಣಂತಿಯರಿಗೆ ಬರುವ ಖಿನ್ನತೆಯೆಂದು ಆಕೆ ಗುಳಿಗೆ ಬರೆದುಕೊಟ್ಟರು.

"ಇವತ್ತು ನುಂಗಿ ನಾಳೆ ನಗೋ ಔಷಧ ಅಲ್ರಿ ಇದು. ಕೆಲವು ವಾರ ಬೇಕು. ಇಂಥಾ ಗುಳಿಗಿ ಕೊಟ್ಟ ಇಲಿಗಳ ಮಿದುಳಿನ್ಯಾಗ ಹೊಸಾ ಜೀವಕೋಶ ಹುಟ್ಟೋದು ಕಂಡಾರ. ಮನುಷ್ಯಾರೊಳಗೂ ಹಂಗನ ಏನು ಅಂತ ಇನ್ನೂ ವಾದ ನಡದೈತಿ. ಆದ್ರ ಭಾಳ ಮಂದಿಗೆ ಗುಣ ಆಗೋದು ಖರೆ. ನಡುವ ಬಿಡಬ್ಯಾಡ್ರಿ."

ನಡುವೆಯೇ ಬಿಡಿಸಿದರು. ಎರಡು ವಾರ ಕಳೆಯುವುದರೊಳಗೆ ವಿರುಪಾಕ್ಷಪ್ಪನ ತಾಳ್ಮೆ ಮುಗಿಯಿತು.

"ಗುಣ ಎಲ್ಲೈತೋ ಭರತಾ? ಗಾಳಿ ಹಿಡದವರನ್ನ ಅಮಾಸಿಗೆ ದೇವರಿಷಿ ಮುಂದ ಕುಂದ್ರಸೋದು ನಮ್ಮ ಮನಿ ಪದ್ಧತಿ" ಎಂದು ಗುಳಿಗೆಗಳನ್ನು ತಿಪ್ಪೆಗೆ ಎಸೆದ.

ಆ ಅಮಾವಾಸ್ಯೆಗೆ, ಮೈಮೇಲೆ ದೇವರು ಬರುವ ದೇವರಿಷಿ ಅವಳ ಜಡೆ ಹಿಡಿದು ಬೇವಿನ ಟೊಂಗೆಯಿಂದ ಬಡಿದ. "ಬಿಟ್ಟ ಹೋಗ್ತೀಯೋ ಇಲ್ಲೋ?" ಎಂದು ಕೇಳಿದ್ದು ದೆವ್ವವನ್ನು, ಪೆಟ್ಟು ತಿಂದವಳು ಪ್ರಾಜಕ್ತಾ. ಅಂದಿನಿಂದ ಅವಳು ತೋಟದ ಬಾವಿಯ ಸುತ್ತ ಸುಳಿಯತೊಡಗಿದಳು. ಅದನ್ನು ಕಂಡ ಭರತ ಅಪ್ಪನಿಗೆ ತಿಳಿಯದಂತೆ ಮತ್ತೆ ಗುಳಿಗೆ ತಂದುಕೊಟ್ಟ.

ಮುಂದಿನ ಅಮಾವಾಸ್ಯೆಗೆ ದೇವರಿಷಿಯ ಬಳಿಗೆ ಒಯ್ಯಲು ಜೀಪು ಅಂಗಳಕ್ಕೆ ಬಂತು. ಪ್ರಾಜಕ್ತಾ ಪಡಸಾಲೆಯ ಕಂಬ ಹಿಡಿದು ಕೂತಳು.

"ನಾ ಬರಂಗಿಲ್ರಿ ಮಾವಾರ. ಗುಳಿಗಿ ಬಿಡಂಗಿಲ್ಲ."

"ದೇವರಿಗೆ ಎದುರ ಆಡ್ತೀ ಏನಬೇ?"

"ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕಿದ ಮರುದಿನ ಚಿಗುರಲಿಲ್ಲಂತ ಬೇರು ಕಿತ್ತೀರೇನ್ರಿ? ಬಳ್ಳಿಗೆ ಕೊಟ್ಟಷ್ಟು ದಿನಾ ನನಗೂ ಕೊಡ್ರಿ."

ವಿರುಪಾಕ್ಷಪ್ಪ ಹಟ ಬಿಡಲಿಲ್ಲ. "ಎಳಕೊಂಡ ಬಂದ ಕುಂದ್ರಸ ಅಕಿನ್ನ!" ಎಂದು ಹೆಂಡತಿಯನ್ನು ಗದರಿದ.

ಗಂಡನಿಗೆ ಎಂದೂ ಎದುರಾಡದ ರುಕ್ಮವ್ವ ಎದ್ದಳು. ಒಳಗಿನಿಂದ ನೀರಿನ ತಂಬಿಗೆ ತಂದು ಸೊಸೆಯ ಕೈಗಿಟ್ಟಳು.

"ನನ್ನ ತಂಗಿ ಸುಂದರಾನ್ನೂ ಅಲ್ಲೇ ಕುಂದ್ರಸಿದ್ವಿ" ಎಂದಳು ಗಂಡನತ್ತ ತಿರುಗಿ. "ಮೂರನೇ ಅಮಾಸಿಗೆ ಅಕಿ ಹೆಣಾ ತಂದ್ವಿ. ನುಂಗವಾ ಪ್ರಾಜಕ್ತಾ, ಗುಳಿಗಿ ನುಂಗು."